ಹೆಡ್‌ಲೈಟ್ ಆಯ್ಕೆ ಸಮಿತಿಗೆ ಹಿಂದಿನ ಸೀಟಿನ ಮನವಿ

ಇಂದ:
ಬೈಕಿನ ಹಿಂದಿನ ಸೀಟಿನ ಕಾಯಂ ಸವಾರಿಣಿ,
ಹೊಲಿಗೆ ಕಾರ್ಖಾನೆ, ಕಾಲರ್ ವಿಭಾಗ
(ಸದ್ಯ ಬಲಗೈ ಪ್ಲಾಸ್ಟರಿನಲ್ಲಿ)

ಗೆ:
ಯಜಮಾನರು,
ಹೆಡ್‌ಲೈಟ್ ಆಯ್ಕೆ ಸಮಿತಿಯ ಅಧ್ಯಕ್ಷರು ಹಾಗೂ ಏಕೈಕ ಸದಸ್ಯರು,
ಟಿವಿ ಎದುರಿನ ಸೋಫಾ

ವಿಷಯ: ಮೂರನೇ ಹೆಡ್‌ಲೈಟ್ ಖರೀದಿಯನ್ನು ತಡೆಹಿಡಿಯುವ ಕುರಿತು.

ಉಲ್ಲೇಖ: ಊಟದ ನಡುವೆ ಹೊರಬಿದ್ದ ತಮ್ಮ ಮೌಖಿಕ ಆದೇಶ, "ಇದಕ್ಕಿಂತ ಪವರ್‌ಫುಲ್ ಲೈಟ್ ಹಾಕಿಸ್ತೀನಿ, ನೋಡ್ತಿರು."

ಮಾನ್ಯರೇ,

1. ಮೊದಲ ಲೈಟು ಮಂಕು ಎಂಬ ಕಾರಣಕ್ಕೆ ತಾವು ತಿಂಗಳುಗಟ್ಟಲೆ ಮೊಬೈಲಿನಲ್ಲಿ ವಿಡಿಯೋ ನೋಡಿ, ಹ್ಯಾಲೊಜನ್ನೋ ಎಲ್‌ಇಡಿಯೋ ಎಂದು ನಿದ್ದೆಗೆಟ್ಟು, ಕೊನೆಗೆ ಬಿಳಿ ಎಲ್‌ಇಡಿ ತಂದಿರಿ. ಅರ್ಜಿದಾರಳನ್ನು ಕೇಳಿದರೆ ಅಧ್ಯಕ್ಷಗಿರಿಗೆ ಕುಂದು, ಆದ್ದರಿಂದ ಕೇಳಲಿಲ್ಲ.

2. ಗ್ಯಾರೇಜಿನಲ್ಲಿ ಬೈಕನ್ನು ಗೋಡೆಯೆದುರು ನಿಲ್ಲಿಸಿ, ತಾವೊಬ್ಬರೇ ಏರಿ ಕೂತು, ಬೆಳಕು ನೇರ ಬೀಳುವಂತೆ ತಿರುಪು ಬಿಗಿಸಿದಿರಿ. ಹಿಂದೆ ಇನ್ನೊಂದು ಜೀವ ಕೂರುತ್ತದೆ, ಕೂತರೆ ಬೈಕಿನ ಮೂತಿ ಮೇಲೇಳುತ್ತದೆ ಎಂಬ ಅಂಶ ಸಮಿತಿಯ ಗಮನಕ್ಕೆ ಬರಲಿಲ್ಲ. ಆದಕಾರಣ, ಇಬ್ಬರೂ ಹೊರಟಾಗ ಬೆಳಕು ಎರಡನೇ ಮಹಡಿಯವರ ಪರದೆಗೆ ಬೀಳುತ್ತಿತ್ತು. ಎದುರು ಬಂದವರು ಕಣ್ಣು ಮುಚ್ಚಿಕೊಂಡು ಯಜಮಾನರ ವಂಶವನ್ನೆಲ್ಲ ನೆನೆದು ಹೋದರು. "ಲೈಟು ಮೇಲಕ್ಕೆ ಹೊಡೀತಿದೆ ಕಣ್ರೀ, ಸ್ವಲ್ಪ ತಗ್ಗಿಸಿ" ಎಂದು ಅರ್ಜಿದಾರಳು ಹೇಳಿದ್ದಕ್ಕೆ, "ನೀನು ತೂಕ ಇಳಿಸು, ತಾನೇ ಸರಿಹೋಗುತ್ತೆ" ಎಂದು ಅಪ್ಪಣೆಯಾಯಿತು.

3. ಮೊನ್ನೆ ಸಂಜೆ ಗೋದಾಮಿನ ಹಿಂದಿನ ಓಣಿಯಲ್ಲಿ ಸದರಿ ಲೈಟು ಕಂಬದ ತುದಿಯ ಕಾಗೆಗೂಡನ್ನು ಕಡ್ಡಿ ಕಡ್ಡಿಯಾಗಿ ತೋರಿಸಿತು. ನೆಲದ ಗುಂಡಿಯನ್ನು ತೋರಿಸಲಿಲ್ಲ. ತಾವು ಒಂದು ಕಡೆ, ಅರ್ಜಿದಾರಳು ಚರಂಡಿಯ ಕಡೆ. ತಾವು ಎದ್ದವರೇ ಬೈಕಿನ ಬಳಿಗೆ ಓಡಿ, ಗಾಜನ್ನು ಅಂಗಿಯಿಂದ ಒರೆಸಿ, "ಸದ್ಯ, ಲೈಟಿಗೇನೂ ಆಗಿಲ್ಲ!" ಎಂದಿರಿ. ಚರಂಡಿಯಲ್ಲಿದ್ದವಳಿಗೆ ಮೈಯೆಲ್ಲ ಉರಿದುಹೋಯಿತು. ಕೈ ಮುರಿದದ್ದು ಆಮೇಲೆ ಗೊತ್ತಾಯಿತು. ಅವಳನ್ನು ಎತ್ತಿದ್ದು ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ತರಕಾರಿಯವನು.

4. ಕಾರ್ಖಾನೆಯಲ್ಲಿ ಅವಳ ಮೆಷಿನ್ನಿಗೆ ಈಗ ಬೇರೆಯವಳು ಬಂದು ಕೂತಿದ್ದಾಳೆ. ನೋಡಲು ಬಂದ ಅತ್ತೆಯವರು, "ಅಯ್ಯೋ, ಬೈಕಿಗೇನೂ ಆಗ್ಲಿಲ್ಲ ತಾನೇ?" ಎಂದು ವಿಚಾರಿಸಿದರು. ನೂಲಿನಂತೆ ಸೀರೆ ಎಂದುಕೊಳ್ಳಲಾಯಿತು.

ಆದ್ದರಿಂದ ಮೂರನೆಯದು ಬೇಡ. ಇರುವ ಲೈಟನ್ನೇ, ಅರ್ಜಿದಾರಳನ್ನು ಹಿಂದೆ ಕೂರಿಸಿಕೊಂಡು, ರಸ್ತೆ ಕಾಣುವಂತೆ ತಗ್ಗಿಸಿಕೊಡಬೇಕು.

ಇಲ್ಲಿಯವರೆಗೆ ತಮ್ಮ ವಿಶ್ವಾಸಿ,
(ಎಡಗೈ ಸಹಿ)

ಲಗತ್ತು: ಎಕ್ಸ್‌ರೇ, ಒಂದು. ಬೆಳಕಿಗೆ ಹಿಡಿದು ನೋಡತಕ್ಕದ್ದು; ತಮ್ಮ ಹೆಡ್‌ಲೈಟು ಆದೀತು.

ವಿಶೇಷ ಕೋರಿಕೆ: "ನೋಯ್ತಿದೆಯಾ?" ಎಂಬ ಪ್ರಶ್ನೆ ತಮ್ಮ ಕಡೆಯಿಂದ ಇದುವರೆಗೂ ಬಂದಿರುವುದಿಲ್ಲ. ದಯಮಾಡಿ ಕೇಳಬೇಕು. ಉತ್ತರ: ಹೌದು.