ಸುಳ್ಳು ಬಿಟ್ಟ ನಲವತ್ತು ದಿನ

ಒಂದು ಒಗಟು ಹೇಳುತ್ತೇನೆ, ಬಿಡಿಸಿ ನೋಡುವಾ. ಏಳನ್ನು ಹೊತ್ತು ಒಳಗೆ ಹೋದ, ಏಳನ್ನೂ ಇಳಿಸಿದ, ಆದರೂ ಹೊರಗೆ ಬರುವಾಗ ಬರಿಗೈಯಲ್ಲಿ ಬರಲಿಲ್ಲ. ಏನದು?

ತಲೆ ಕೆರೆದುಕೊಳ್ಳಬೇಡಿ, ನಿಮಗೆ ಬರುವುದಿಲ್ಲ. ಅದು ಚರ್ಚಿನ ಪಾಪನಿವೇದನೆಯ ಪೆಟ್ಟಿಗೆಗೆ ನಾನು ಒಯ್ದ ಪಾಪಗಳು. ಏಳನ್ನೂ ಜಾಲರಿಯಾಚೆ ಕೂತ ಫಾದರಿಗೆ ಒಪ್ಪಿಸಿದೆ. "ಹೋದ ಸಲ ಹೇಳಿದ್ದ ಪ್ರಾಯಶ್ಚಿತ್ತದ ಜಪ ಮಾಡಿದೆಯಾ?" ಎಂದರು. "ಓ, ಮಾಡಿದೆ ಫಾದರ್" ಎಂದೆ. ಏಳು ಪಾಪ ಅಲ್ಲೇ ಉಳಿದವು. ಈ ಹೊಸದು ನನ್ನ ಜೊತೆ ಮನೆಗೆ ಬಂತು.

ನಾನು ಬೇಕೆಂದು ಮಾಡುವುದಲ್ಲ. ಇಂಥವು ನನ್ನನ್ನು ಹುಡುಕಿಕೊಂಡೇ ಬರುತ್ತವೆ.

೧. ಘಟ್ಟದಲ್ಲಿ ಕೂತ ಆನೆ

ಏಳನೇ ಕ್ಲಾಸಿಗೆ ನನಗೂ ಶಾಲೆಗೂ ಆಗಿಬರಲಿಲ್ಲ. ಯಲ್ಲಾಪುರದ ಹೈವೇ ಬದಿಯಲ್ಲಿ ಮಾವನ ಪಂಕ್ಚರ್ ಅಂಗಡಿಗೆ ಸೇರಿದೆ. ಒಂದು ಬೆಳಿಗ್ಗೆ ಲಾರಿ ಡ್ರೈವರೊಬ್ಬ "ಘಟ್ಟದಲ್ಲಿ ರಸ್ತೆ ಹ್ಯಾಂಗೈತಿ ತಮ್ಮಾ?" ಎಂದು ಕೇಳಿದ. "ರಸ್ತೆ ಚೆನ್ನಾಗಿದೆ. ಆದರೆ ನಡುವೆ ಆನೆ ಕೂತಿದೆ" ಎಂದೆ. ಬಾಯಿಗೆ ಬಂತು, ಹೇಳಿದೆ, ಅಷ್ಟೇ.

ಅವನು ಲಾರಿ ಬದಿಗೆ ಹಾಕಿದ. ಹಿಂದಿನವನೂ ಹಾಕಿದ. ವಿಚಾರಿಸೋಣ ಎಂದರೆ ಎಸ್‌ಟಿಡಿ ಬೂತಿನ ಲೈನು ಸತ್ತಿತ್ತು. ಅರ್ಧ ಗಂಟೆಯಲ್ಲಿ ಹನ್ನೊಂದು ಲಾರಿ ನಿಂತವು. ಹನ್ನೆರಡನೆಯದಾಗಿ ನಮ್ಮ ಫಾದರ್ ಜೀಪು! ಅಂಕೋಲೆಯಲ್ಲಿ ಒಂದು ಮದುವೆ ಮಾಡಿಸಲು ಹೊರಟಿದ್ದರು. ಆನೆ ಏಳುವುದನ್ನು ಕಾದು ಕಾದು ಅವರು ಅಲ್ಲಿಗೆ ತಲುಪುವಾಗ ಮದುಮಗನ ಕೋಟು ಬೆವರಿಗೆ ಮೈಗಂಟಿತ್ತಂತೆ.

ಮರುವಾರವೇ ನನಗೆ ಅದೇ ಫಾದರ್ ಕೈಯಿಂದ ಒಂದು ಪತ್ರ ಬೇಕಾಯಿತು. ಶಿರಸಿಯಲ್ಲಿ ಸಿಸ್ಟರುಗಳು ನಡೆಸುವ ಶೆಡ್ಡಿನಲ್ಲಿ ವೆಲ್ಡಿಂಗ್, ಲೇಥ್ ಕಲಿಸುತ್ತಾರೆ, ಊಟವೂ ಅವರದೇ. ಸೇರಬೇಕಾದರೆ "ಹುಡುಗ ನಂಬಿಕಸ್ಥ" ಎಂದು ಫಾದರ್ ಬರೆದುಕೊಡಬೇಕು. ಆ ಪತ್ರ ಸಿಗದಿದ್ದರೆ ಜೀವನವಿಡೀ ಮಾವನ ಟ್ಯೂಬಿಗೆ ಗಾಳಿ ಹೊಡೆಯುವುದೇ ನನ್ನ ಕತೆ.

ಫಾದರ್ ಕನ್ನಡಕ ತೆಗೆದು ಒರೆಸಿಕೊಂಡರು. "ಬೂದಿ ಬುಧವಾರ ಹತ್ತಿರ ಬಂತು. ಅಲ್ಲಿಂದ ಈಸ್ಟರ್‌ವರೆಗೆ ತಪಸ್ಸಿನ ಕಾಲ, ನಲವತ್ತು ದಿನ. ಸುಳ್ಳು ಹೇಳದೆ ಇರು, ಬರೆದುಕೊಡುತ್ತೇನೆ."

"ಆಯ್ತು ಫಾದರ್, ನಾನು ಹೇಗೂ ಸುಳ್ಳು ಹೇಳುವುದಿಲ್ಲ" ಎಂದೆ.

"ಈ ಸುಳ್ಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ" ಎಂದರು. "ಬುಧವಾರದಿಂದ ಶುರು."

೨. ಭಾನುವಾರದ ರಜೆ

ನಮ್ಮ ಮಾವ ತಪಸ್ಸಿನ ಕಾಲಕ್ಕೆ ಪ್ರತಿ ವರ್ಷ ಬೀಡಿ ಬಿಡುತ್ತಾನೆ. ಭಾನುವಾರ ಮಾತ್ರ ಪೂಜೆ ಮುಗಿಸಿ ಬಂದವನು ಬಾವಿಕಟ್ಟೆಯ ಮೇಲೆ ಕೂತು ವಾರದ್ದೆಲ್ಲ ಒಟ್ಟಿಗೇ ಸೇದುತ್ತಾನೆ. ಕೇಳಿದರೆ, "ನಲವತ್ತು ದಿನದಲ್ಲಿ ಭಾನುವಾರ ಸೇರುವುದಿಲ್ಲ ಮಾರಾಯ, ಬೇಕಾದರೆ ಎಣಿಸಿ ನೋಡು" ಅನ್ನುತ್ತಾನೆ. ಎಣಿಸಿದೆ. ಸರಿ, ಸೇರುವುದಿಲ್ಲ.

ನಾನೂ ವಾರವಿಡೀ ಬಾಯಿಗೆ ಬಂದ ಸುಳ್ಳನ್ನೆಲ್ಲ ನುಂಗಿ ಇಟ್ಟುಕೊಂಡೆ. ಭಾನುವಾರ ಬೆಳಿಗ್ಗೆ ಶುರು. "ಮಾವ, ನಿನ್ನ ಸೈಕಲ್ ಕಳವಾಯಿತು." ಓಡಿದ. "ಮಾವ, ಅತ್ತೆಯ ಅಪ್ಪ ಬಸ್ಸಿಳಿದರು." ಅಂಗಿ ಹುಡುಕಿಕೊಂಡು ಓಡಿದ. "ಮಾವ, ನಿನ್ನ ಬೆನ್ನ ಮೇಲೆ ಹಲ್ಲಿ." ಕುಣಿದ. ಕೊನೆಗೆ ಕುತ್ತಿಗೆಪಟ್ಟಿ ಹಿಡಿದ.

"ಮಾವ, ಇವತ್ತು ಭಾನುವಾರ, ಲೆಕ್ಕಕ್ಕಿಲ್ಲ!"

ಫಾದರ್ ಹತ್ತಿರ ನ್ಯಾಯ ಹೋಯಿತು. "ಬೀಡಿ ಬಿಡುವುದು ಹರಕೆ, ಅದಕ್ಕೆ ಭಾನುವಾರ ರಜೆ ಉಂಟು. ಸುಳ್ಳು ಪಾಪ. ಪಾಪಕ್ಕೆ ರಜೆ ಇಲ್ಲ" ಎಂದು ತೀರ್ಪು ಕೊಟ್ಟರು. ಹೊರಗೆ ಬಂದ ಮೇಲೆ ಮಾವ ಬೆನ್ನಿಗೆ ಎರಡು ಬಿಟ್ಟು, "ಇದು ಮಾತ್ರ ಲೆಕ್ಕಕ್ಕಿಲ್ಲ" ಎಂದ.

೩. ಜೇಬಿನ ಭಾರ

ಮರುದಿನ ಮಾವನೇ ಒಂದು ಉಪಾಯ ಮಾಡಿದ. ಸುಳ್ಳು ಹೇಳಿದಾಗಲೆಲ್ಲ ಲಾರಿ ಚಕ್ರದ ಒಂದು ನಟ್ಟು ನನ್ನ ಚಡ್ಡಿಯ ಜೇಬಿಗೆ. ಸಂಜೆಯವರೆಗೆ ತೆಗೆಯುವಂತಿಲ್ಲ. ಭಾರವಾದರೆ ಬುದ್ಧಿ ಬರುತ್ತದೆ ಎಂದು ಅವನ ಲೆಕ್ಕಾಚಾರ.

ಕಾನಸೂರಿನ ತೋಟದ ಯಜಮಾನರೊಬ್ಬರು ಸ್ಕೂಟರ್ ತಳ್ಳಿಕೊಂಡು ಬಂದರು. "ಎಷ್ಟೊತ್ತು ಬೇಕು ಮಾಣಿ?"

"ಹತ್ತೇ ನಿಮಿಷ!" ಎಂದೆ. ಪಂಕ್ಚರ್ ಅಂಗಡಿಯವನ ನಾಲಗೆ ಅದು, ಬೇರೆ ಏನು ಹೇಳುತ್ತದೆ? ಒಂದು ನಟ್ಟು. "ಆಗೇ ಹೋಯಿತು." ಎರಡನೇ ನಟ್ಟು. "ಇನ್ನೇನು, ಗಾಳಿ ಹೊಡೆಯುವುದೊಂದೇ ಬಾಕಿ." ಚಕ್ರವನ್ನೇ ಬಿಚ್ಚಿರಲಿಲ್ಲ, ಮೂರನೆಯದು. ಐದನೆಯದಕ್ಕೆ ನಾನು ಪಂಪು ಒತ್ತಲು ಬಗ್ಗಿದೆ. ಚಡ್ಡಿ ಬಗ್ಗಲಿಲ್ಲ, ನೇರ ಇಳಿಯಿತು.

"ಎಂತದಾ ಮಾಣಿ, ಚಡ್ಡಿ ಕೆಳಗೆ ಹೋಗ್ತಾ ಇದ್ದಲೋ!" ಎಂದು ಯಜಮಾನರು ಕೊಡೆ ಬಿಚ್ಚಿ ಅಡ್ಡ ಹಿಡಿದರು.

ಅಷ್ಟರಲ್ಲಿ ಮಾವ ಅವರಿಗೆ, "ಟ್ಯೂಬು ಪೂರಾ ಹೋಗಿದೆ ಭಟ್ರೇ, ಹೊಸದೇ ಹಾಕಬೇಕು" ಎಂದ. ಟ್ಯೂಬಿನಲ್ಲಿ ಒಂದೇ ತೂತಿತ್ತು, ನಾನೇ ನೋಡಿದ್ದೆ. ನಟ್ಟು ಹಿಡಿದು ಮಾವನ ಸುತ್ತ ಎರಡು ಸುತ್ತು ಬಂದೆ. ಹಾಕುವುದು ಎಲ್ಲಿಗೆ? ಅವನು ಉಟ್ಟದ್ದು ಬರೀ ಲುಂಗಿ. ಜೇಬಿಲ್ಲದವನಿಗೆ ಪಾಪವೂ ಇಲ್ಲ.

೪. ನಿಜ ಹೇಳಿದ ದಿನ

ಮೂರನೇ ವಾರಕ್ಕೆ ಚಡ್ಡಿ ನಿಲ್ಲತೊಡಗಿತು. ಸುಳ್ಳು ಗಂಟಲಿಗೆ ಬರುವಾಗಲೇ ತೊಡೆಗೆ ತಣ್ಣಗೆ ನಟ್ಟು ತಾಗಿದಂತಾಗುತ್ತಿತ್ತು. ಆಗಲೇ ಹುಬ್ಬಳ್ಳಿ ಕಡೆಯ ಡ್ರೈವರೊಬ್ಬ ಚಕ್ರದಿಂದ ಮೊಳೆ ಕಿತ್ತು ನನ್ನ ಮೂಗಿಗೆ ಹಿಡಿದ.

"ಏನಲೇ, ಪ್ರತಿ ಸಲ ನಿಮ್ಮ ಅಂಗಡಿ ಮುಂದನ ಮೊಳಿ ಹೊಕ್ಕತಾವಲ್ಲ? ನೀವ ಹಾಕ್ತೀರೇನ?"

ಅವನು ನಗುತ್ತಲೇ ಕೇಳಿದ್ದ. "ಛೇ ಛೇ" ಅಂದಿದ್ದರೆ ಮುಗಿಯುತ್ತಿತ್ತು. ಮಾವ ಹಿಂದಿನಿಂದ ಕಣ್ಣು, ಹುಬ್ಬು, ಕಿವಿ ಎಲ್ಲ ಅಲ್ಲಾಡಿಸಿದ. ನಾನು ಮನಸ್ಸಿನಲ್ಲೇ ಶಿಲುಬೆಯ ಗುರುತು ಹಾಕಿಕೊಂಡು, "ಹೌದು ಅಣ್ಣಾ, ನಾವೇ. ಆದರೆ ಇದು ಬೂದಿ ಬುಧವಾರಕ್ಕೆ ಮೊದಲು ಹಾಕಿದ್ದು" ಎಂದೆ.

ಅವತ್ತು ಮಾವ ಓಡಿದ ಹಾಗೆ ಸೈಕಲ್ ಕಳವಾದ ದಿನವೂ ಓಡಿರಲಿಲ್ಲ. ಆಮೇಲೆ ನಾವಿಬ್ಬರೂ ಬಗ್ಗಿ ರಸ್ತೆಯ ಮೊಳೆಗಳನ್ನೆಲ್ಲ ಹೆಕ್ಕಿದೆವು. ಒಂದು ಡಬ್ಬ ತುಂಬಿತು. "ನೀನು ಸುಳ್ಳು ಹೇಳುವಾಗಲೇ ಅಂಗಡಿ ಚೆನ್ನಾಗಿ ನಡೀತಿತ್ತು ಕಣೋ" ಎಂದು ಮಾವ ಸೊಂಟ ಹಿಡಿದುಕೊಂಡ. ಅಂದಿನಿಂದ ನನ್ನನ್ನು ಶಿರಸಿಗೆ ಕಳಿಸು ಎಂದು ನನಗಿಂತ ಹೆಚ್ಚು ಪ್ರಾರ್ಥನೆ ಮಾಡಿದವನು ಅವನೇ.

೫. ಪೆಟ್ಟಿಗೆಯ ಒಳಗೆ, ಹೊರಗೆ

ಗುಡ್‌ಫ್ರೈಡೇಯ ಹಿಂದಿನ ದಿನ ಪಾಪನಿವೇದನೆಗೆ ಹೋದೆ. ಈ ಸಲ ಒಂದನ್ನೂ ಬಚ್ಚಿಡಲಿಲ್ಲ. "ಈ ನಲವತ್ತು ದಿನದಲ್ಲಿ ಇಪ್ಪತ್ತಮೂರು ಸುಳ್ಳು ಫಾದರ್" ಎಂದು ಎಲ್ಲ ಬಿಡಿಸಿ ಹೇಳಿದೆ. ಕ್ಷಮೆ ಸಿಕ್ಕಿತು. ಮೈ ಹಗುರಾಯಿತು.

ಪ್ರಾಯಶ್ಚಿತ್ತದ ಜಪ ಮುಗಿಸಿ ಹೊರಗೆ ಬಂದು ನೋಡುತ್ತೇನೆ, ಫಾದರ್ ಜೀಪಿನ ಹತ್ತಿರ ಪೆನ್ನು ತೆರೆದು ನಿಂತಿದ್ದಾರೆ. "ಬಾ ಬಾ. ಪತ್ರ ಬೇಕಲ್ಲ? ಹೇಳು, ನಲವತ್ತು ದಿನದಲ್ಲಿ ಸುಳ್ಳು ಹೇಳಿದೆಯಾ?"

ಮುಖ ನೋಡಿದರೆ ಏನೂ ಗೊತ್ತಿಲ್ಲದವರ ಹಾಗೆ! ಆಗ ಹೊಳೆಯಿತು. ಪೆಟ್ಟಿಗೆಯಲ್ಲಿ ಕೇಳಿದ್ದನ್ನು ಅವರು ಬಿಷಪ್ಪರಿಗೂ ಹೇಳುವಂತಿಲ್ಲ. ಹೊರಗೆ ಅದು ಗೊತ್ತೇ ಇಲ್ಲ ಎಂಬಂತೆ ಇರಬೇಕು. ನಾನು "ಇಲ್ಲ" ಅಂದರೆ ಸುಳ್ಳೆಂದು ಗೊತ್ತಿದ್ದೂ ಅವರು ಪತ್ರ ಬರೆಯಲೇಬೇಕು. ಲೋಕದಲ್ಲಿ ಇಷ್ಟು ಸಲೀಸಾದ ಸುಳ್ಳು ಯಾರಿಗೂ ಸಿಕ್ಕಿರಲಿಕ್ಕಿಲ್ಲ. "ಹೌದು" ಅಂದರೆ ಶಿರಸಿ ಹೋಯಿತು. ಗೇಟಿನ ಹತ್ತಿರ ಮಾವ ಎರಡೂ ಕೈ ಜೋಡಿಸಿ ನಿಂತಿದ್ದ.

ಕೊನೆಗೆ ತಡೆಯಲಾರದೆ, "ಈಗಷ್ಟೇ ಒಳಗೆ ಹೇಳಿದೆನಲ್ಲ ಫಾದರ್!" ಎಂದುಬಿಟ್ಟೆ.

"ಒಳಗೆ ಹೇಳಿದ್ದು ದೇವರಿಗೆ. ನನಗೆ ಹೇಳು."

"ಇಪ್ಪತ್ತಮೂರು."

"ಮೊದಲ ವಾರ ಎಷ್ಟು?"

"ಹದಿನೆಂಟು."

"ಕೊನೆಯ ವಾರ?"

"ಒಂದು. ಅಮ್ಮನ ಮೀನುಸಾರು ಚೆನ್ನಾಗಿದೆ ಅಂದಿದ್ದೆ."

ಫಾದರ್ ಬಹಳ ಹೊತ್ತು ಆಚೆ ತಿರುಗಿ ಕೆಮ್ಮಿದರು. ಆಮೇಲೆ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು: "ಈ ಹುಡುಗ ಸುಳ್ಳು ಹೇಳುತ್ತಾನೆ. ಆದರೆ ಎಷ್ಟು ಹೇಳಿದ ಎಂಬುದನ್ನು ನಿಜ ಹೇಳುತ್ತಾನೆ. ಸೇರಿಸಿಕೊಳ್ಳಿ."

ಸಿಸ್ಟರ್ ಅದನ್ನು ಓದಿ ನನ್ನನ್ನೊಮ್ಮೆ ನೋಡಿದರು, ಸೇರಿಸಿಕೊಂಡರು. ಈಗ ವೆಲ್ಡಿಂಗ್ ಕಲಿಯುತ್ತಿದ್ದೇನೆ.

ಇಲ್ಲಿಗೆ ನಿಲ್ಲಿಸಿದ್ದರೆ ಚಂದವಿತ್ತು. ಆದರೆ ಪತ್ರದಲ್ಲಿತ್ತು ಎಂದೆನಲ್ಲ, ಆ ಮಾತು ನಾನು ಕಟ್ಟಿದ್ದು. ಫಾದರ್ ಲಕೋಟೆಗೆ ಅಂಟು ಹಚ್ಚಿ ಕೊಟ್ಟಿದ್ದರು. ಯಲ್ಲಾಪುರದಿಂದ ಶಿರಸಿಯವರೆಗೂ ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲೆಯೇ ಇತ್ತು. ನಾನು ಒಡೆಯಲಿಲ್ಲ. ಒಳಗೆ ಏನಿತ್ತೋ, ಇವತ್ತಿಗೂ ಗೊತ್ತಿಲ್ಲ.