ಮೂರು ಎಕ್ಕಾ ಬಿಟ್ಟ ರಾಯರು

ಇಸ್ಪೀಟಿನ ಎಲೆ ಆಡಿ ಹಾಳಾದವರು ಪುಣೆಯಲ್ಲಿ ಪೇಠೆಗೆ ನಾಲ್ಕು ಮಂದಿಯಾದರೂ ಸಿಗುತ್ತಾರೆ. ಆದರೆ ಹೊತ್ತಿಗೆ ಸರಿಯಾಗಿ ಉಂಡು, ಕೋಟು ತೊಟ್ಟು, ಶಿಸ್ತಿನಿಂದ ಹಾಳಾಗಲು ಹೊರಟವರು ಗಣೇಶ ಪೇಠೆಯ ಪ್ರಲ್ಹಾದರಾಯರೊಬ್ಬರೇ.

ಕ್ಯಾಂಪಿನ ಒಂದು ಕಚೇರಿಯಲ್ಲಿ ನಲವತ್ತು ರೂಪಾಯಿ ಪಗಾರದ ಕಾರಕೂನರಾಗಿದ್ದರು. ಹನ್ನೊಂದು ವರ್ಷ ಕುಂತು ಕುಂತು ಧೋತರ ಹರಿದದ್ದೇ ಬಂತು ಎಂದು ಒಂದು ಶ್ರಾವಣದಲ್ಲಿ ರಾಜೀನಾಮೆ ಬರೆದುಕೊಟ್ಟರು. ಕೈಗೆ ಮುನ್ನೂರು ರೂಪಾಯಿ ಬಂತು. ಇನ್ನು ಮೇಲೆ ಮೂರೆಲೆ ಆಟವೇ ತಮ್ಮ ಉದ್ಯೋಗ ಎಂದು ಮನೆಗೆ ಬಂದು ಹೆಂಡತಿಗೆ ಸಾರಿದರು.

ಅಂಬಾಬಾಯಿ ಭಕ್ಕರಿ ತಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ. “ಸೋತ್ರ?” ಎಂದಳು.

“ಶಾಸ್ತ್ರ ಗೊತ್ತಿಲ್ಲದವ್ರು ಸೋಲ್ತಾರ. ಬಂಡವಲ ಬ್ಯಾರೆ, ಆಟ ಬ್ಯಾರೆ. ದಿನಕ್ಕ ಎರಡು ರೂಪಾಯಿಗಿಂತ ಹೆಚ್ಚಿಗಿ ಒಯ್ಯೂದಿಲ್ಲ. ಹೋದ್ರ ಎದ್ದು ಮನಿಗೆ. ಗೆದ್ರ ಎಲ್ಲಾ ನಿನ್ನ ಕೈಗೆ, ಅದರಾಗ ಮನಿ ನಡಸು. ನೂರೈವತ್ತು ದಿನಾ ಸಾಲಾಗಿ ಯಾರೂ ಸೋಲೂದಿಲ್ಲ. ಇದು ಗಣಿತ.”

“ಗಣಿತಕ್ಕ ನಿಮ್ಮ ಹಣೇಬರಹ ಗೊತ್ತಿಲ್ಲ, ಪಾಪ.”

ರಾಯರು ಮುನ್ನೂರನ್ನೂ ಹಿತ್ತಾಳೆ ಡಬ್ಬಿಗೆ ತುಂಬಿದರು. ಮುಚ್ಚಳಕ್ಕೆ ಜೇಜುರಿ ದೇವರ ಭಂಡಾರದ ಅರಿಶಿನ ಬಳಿದು, ಇದನ್ನು ತಮ್ಮ ಕೈಯಿಂದ ಮುಟ್ಟುವುದಿಲ್ಲವೆಂದು ಖಂಡೋಬನ ಮೇಲೆ ಆಣೆ ಮಾಡಿದರು. (ತನ್ನನ್ನು ತಾನೇ ನಂಬದ ಮನುಷ್ಯ ಅಷ್ಟರಮಟ್ಟಿಗೆ ಶಾಣ್ಯಾನೇ.)

“ನಾ ಕಾಲಿಗೆ ಬಿದ್ರೂ, ಅತ್ರೂ, ಆಣಿ ಇಟ್ರೂ ಎರಡರ ಮ್ಯಾಲೆ ಕೊಡಬ್ಯಾಡ,” ಎಂದರು.

“ಬರದು ಕೊಡ್ರಿ.”

“ನಿನಗ ಓದಲಿಕ್ಕೆ ಎಲ್ಲಿ ಬರ್ತದ?”

“ನಿಮಗ ಬರ್ತದಲ್ಲ.”

ಬರೆದರು. ಅವಳು ಅದನ್ನು ಅನ್ನದ ಅಗುಳಿನಿಂದ ಅಡುಗೆಮನೆಯ ಗೋಡೆಗೆ ಅಂಟಿಸಿದಳು.

ಅಂದಿನಿಂದ ಪ್ರತಿ ಮಧ್ಯಾಹ್ನ ಭವಾನಿ ಪೇಠೆಯ ಬೆಲ್ಲದ ವ್ಯಾಪಾರಿ ಈರಬಸಪ್ಪನ ಗೋದಾಮಿನಲ್ಲಿ ರಾಯರ ಕಚೇರಿ. ಗೋಣಿಚೀಲದ ಮೇಲೆ ಐದಾರು ಮಂದಿ, ನಡುವೆ ಎಲೆ, ಸುತ್ತ ನೊಣ. ಒಂದು ದಿನ ಎರಡು ಹೋಗಿ ಮೂರು ಬರುವುದು. ನಾಲ್ಕು ದಿನ ಎರಡು ಹೋಗಿ ರಾಯರಷ್ಟೇ ಬರುವುದು. ಮನೆಯಲ್ಲಿ ತುಪ್ಪ ನಿಂತಿತು, ಆಮೇಲೆ ಮಾತು ನಿಂತಿತು. ಹುಳಿಯಲ್ಲಿ ಬೇಳೆಯನ್ನು ಹುಡುಕಬೇಕಾಯಿತು. “ನಿಮ್ಮವರು ಏನ್ ಮಾಡ್ತಾರ್ರಿ?” ಎಂದು ಅದೇ ವಾಡೆಯ ನೆರೆಮನೆ ಗಂಗೂಬಾಯಿ ಕೇಳಿದರೆ ಅಂಬಾಬಾಯಿ, “ಹೋಗಿ ಬರ್ತಾರ,” ಎನ್ನುವಳು. ಕೂಡಿಸಿ ಕಳೆದು ನೋಡುವ ಗೊಡವೆಗೆ ಹೋಗದ ರಾಯರಿಗೆ ಮಾತ್ರ ಒಂದು ಸಮಾಧಾನ: ಮನೆ ತಮ್ಮ ಗೆಲುವಿನ ಮೇಲೆ ನಡೆದಿದೆ, ಬಂಡವಾಳ ಡಬ್ಬಿಯಲ್ಲಿ ಆನೆಯಂತೆ ಕುಳಿತಿದೆ.

ಚೈತ್ರದ ಒಂದು ಮಧ್ಯಾಹ್ನ ರಾಯರ ಎರಡು ರೂಪಾಯಿ ಬೆಳೆದು ಹದಿನಾರಾಯಿತು. ಮುಂದಿನ ಆಟಕ್ಕೆ ಎಲೆ ಎತ್ತಿ ನೋಡುತ್ತಾರೆ: ಮೂರೂ ಎಕ್ಕಾ! ಅದರ ಮೇಲಿನ ಎಲೆಯೇ ಇಲ್ಲ. ಹದಿನಾರೂ ಹಾಕಿದರು. ಉಳಿದವರು ಕೆಳಗಿಟ್ಟರು, ಈರಬಸಪ್ಪ ಬಿಡಲಿಲ್ಲ. ನಡುವೆ ಅರವತ್ತು ರೂಪಾಯಿ ಬಿದ್ದಿತ್ತು.

“ಇನ್ನಿಪ್ಪತ್ತು ಹಚ್ರಿ ರಾಯರ, ಇಲ್ಲಾ ಎಲಿ ಬಿಡ್ರಿ. ಉದ್ರಿ ಇಲ್ಲ.”

“ಅರ್ಧಾ ತಾಸು ಕೊಡ್ರಿ, ತರ್ತೀನಿ.”

ಎಲೆಗಳನ್ನು ಬೋರಲು ಇಟ್ಟು, ಮೇಲೆ ಸುಣ್ಣದ ಡಬ್ಬಿ ಹೇರಿ, ರಾಯರು ಓಡಿದರು. ಅರವತ್ತೆಂದರೆ ಒಂದೂವರೆ ತಿಂಗಳ ಪಗಾರ. ಎಂಟು ತಿಂಗಳ ಅವಮಾನವೆಲ್ಲ ಇವತ್ತು ತೊಳೆದುಹೋಗುತ್ತದೆ.

“ಇಪ್ಪತ್ತು ಕೊಡು! ಲಗೂನ! ಮೂರು ಎಕ್ಕಾ ಬಂದಾವ!”

ಅಂಬಾಬಾಯಿ ಗೋಡೆಯತ್ತ ಕೈ ಮಾಡಿದಳು. “ಓದ್ರಿ.”

ರಾಯರು ಕಾಲಿಗೆ ಬಿದ್ದರು. ಅತ್ತರು. ಆಣೆ ಇಟ್ಟರು. ಬರೆದ ಕ್ರಮ ತಪ್ಪಲಿಲ್ಲ.

“ಅದು ಸೋತಾಗಿನ ಮಾತ! ಇವತ್ತು ನಾ ಗೆದ್ದೀನಿ!”

“ಗೆದ್ದವ್ರು ರೊಕ್ಕಾ ತರ್ತಾರ, ಕೇಳಲಿಕ್ಕೆ ಬರೂದಿಲ್ಲ.”

ರಾಯರು ಖಂಡೋಬನ ಕ್ಷಮೆ ಬೇಡಿ ತಾವೇ ಡಬ್ಬಿಗೆ ಕೈ ಹಾಕಿದರು. ಮುಚ್ಚಳ ತೆಗೆದರೆ ಒಳಗೆ ಒಂದು ರೂಪಾಯಿ ಆರಾಣೆ.

“ಮುನ್ನೂರು?”

“ನೀವು ಅರ್ಧಾ ಸೋತ್ರಿ, ಅರ್ಧಾ ಇಬ್ಬರೂ ಕೂಡಿ ತಿಂದ್ವಿ. ಭಾಡಿಗಿ ಯಾರು ಕೊಡಬೇಕು? ಪೌಷದಾಗ ಮುಗೀತು. ಆಮ್ಯಾಲಿಂದ ಪೇಠಿ ಮಂದೀಗೆ ಹಪ್ಪಳಾ ಲಟ್ಟಿಸಿ, ತವರಮನಿ ಬೆಳ್ಳಿ ಸಾಮಾನಾ ಮಾರಿ ನಿಮ್ಮ ಎರಡು ರೂಪಾಯಿ ಹೊಂದಸ್ಲಿಕ್ಕೆ ಹತ್ತೀನಿ.”

“ಹೇಳಬಾರದ?”

“ಕೊಡಬ್ಯಾಡ ಅಂತ ಬರದೀರಿ. ಹೇಳು ಅಂತ ಎಲ್ಲಿ ಬರದೀರಿ?”

ರಾಯರು ನಡೆದೇ ಗೋದಾಮಿಗೆ ಮರಳಿದರು. ಮನೆಯಲ್ಲಿ ಇಪ್ಪತ್ತು ರೂಪಾಯಿ ಇಲ್ಲವೆಂದು ಐದಾರು ವ್ಯಾಪಾರಿಗಳ ಮುಂದೆ ಹೇಗೆ ಹೇಳುವುದು? ಕೋಟಿನ ಗುಂಡಿ ಹಾಕಿಕೊಂಡು, “ಆಡೂದಿಲ್ಲ. ಮನಿಯಿಂದ ದಿನಕ್ಕ ಎರಡರ ಮ್ಯಾಲೆ ತರೂದಿಲ್ಲ ಅಂತ ನೇಮ ಅದ. ದಾರ್ಯಾಗ ನೆನಪಾತು,” ಎಂದರು.

ಈರಬಸಪ್ಪ ಅರವತ್ತನ್ನೂ ಬಾಚಿಕೊಂಡ. ಅವನ ಕೈಯಲ್ಲಿದ್ದದ್ದು ಎರಡು ರಾಜಾ. ಕುತೂಹಲಕ್ಕೆ ರಾಯರ ಎಲೆ ಮಗುಚಿದ. ಗೋದಾಮಿನಲ್ಲಿ ನೊಣಗಳಷ್ಟೇ ಉಸಿರಾಡಿದವು.

ಮರುದಿನ ಬೆಳಿಗ್ಗೆ ಈರಬಸಪ್ಪ ಒಂದು ಪೆಂಟೆ ಬೆಲ್ಲ ಹಿಡಿದು ಮನೆಗೇ ಬಂದ.

“ರಾತ್ರಿಯೆಲ್ಲಾ ನಿದ್ದಿ ಬರಲಿಲ್ರಿ. ಮೂರು ಎಕ್ಕಾ ಹಿಡದು ನೇಮ ಬಿಡದ ಮನಶಾ! ನನ್ನ ತಿಜೂರಿ ಕೀಲಿ ಇಂಥವರ ಕೈಯಾಗ ಇರಬೇಕು. ತಿಂಗಳಾ ಮೂವತ್ತು ಕೊಡ್ತೀನಿ. ಒಂದ ಮಾತು, ನನ್ನ ಕಡೆ ಇರೋವ್ರು ಎಲಿ ಮುಟ್ಟಂಗಿಲ್ಲ.”

ರಾಯರು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅಂಬಾಬಾಯಿಯ ದನಿ ಬಂತು: “ನಾಳಿಂದ ಬರ್ತಾರ್ರಿ.”

ಈಗ ರಾಯರು ಗೋದಾಮಿನ ಹೊರಗಿನ ಗಾದಿಯ ಮೇಲೆ ಬೆಳಗಿನಿಂದ ಸಂಜೆಯ ತನಕ ಕುಳಿತಿರುತ್ತಾರೆ, ಹಳೆಯ ಪಗಾರಕ್ಕಿಂತ ಹತ್ತು ರೂಪಾಯಿ ಕಡಿಮೆಗೆ. ಒಳಗೆ ಎಲೆ ಕಲಸುವ ಸದ್ದು ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಪರವೂರಿನಿಂದ ಯಾರಾದರೂ ವ್ಯಾಪಾರಿ ಬಂದರೆ ಈರಬಸಪ್ಪ, “ಮೂರು ಎಕ್ಕಾ ಬಿಟ್ಟವ್ರು ಇವ್ರ ನೋಡ್ರಿ,” ಎಂದು ತೋರಿಸುತ್ತಾನೆ. ಬಂದವರು ಎದ್ದು ಕೈ ಮುಗಿಯುತ್ತಾರೆ. ರಾಯರು ತಲೆ ತಗ್ಗಿಸುತ್ತಾರೆ. ಅದಕ್ಕೂ ಜನ ವಿನಯವೆಂದು ಹೆಸರಿಟ್ಟಿದ್ದಾರೆ.