ಬೆಟ್ಟದ ಮೇಲೆ ಬಾಯಿ ಕಟ್ಟಿದ್ದು

ಮೈಸೂರಿನವರಿಗೆ ಬೆಟ್ಟದ ವಿಷಯದಲ್ಲಿ ಸ್ವಲ್ಪ ಜಂಬ. ಬೆಳಗಾದರೆ ಕಿಟಕಿಯಲ್ಲೇ ಚಾಮುಂಡಿ ಬೆಟ್ಟ ಕಾಣುವ ಮನೆಯಲ್ಲಿ ಬೆಳೆದವರಿಗೆ ಬೇರೆ ಊರಿನ ಬೆಟ್ಟಗಳೆಲ್ಲ ಮಣ್ಣುಗುಡ್ಡೆಗಳೇ. ತೊಂಬತ್ತರ ದಶಕದಲ್ಲಿ ನಾವು ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿದ್ದಾಗ ನನ್ನ ಜಂಬಕ್ಕೆ ಅಡ್ಡಿಯೇ ಇರಲಿಲ್ಲ. ಆ ಮರಳುಗಾಡಿನ ದೇಶವೆಲ್ಲ ಅಂಗೈಯಷ್ಟು ಸಪಾಟು. ನಾನು ಏರುತ್ತಿದ್ದ ಅತಿ ಎತ್ತರದ ಜಾಗವೆಂದರೆ ಆಫೀಸಿನ ಮಹಡಿ, ಅದೂ ಲಿಫ್ಟಿನಲ್ಲಿ. ಹಾಗಾಗಿ ಪಕ್ಕದ ಫ್ಲ್ಯಾಟಿನ ಉಡುಪಿಯ ಶೆಟ್ಟರು, ಜಕ್ರೀತಿನ ಕಡೆ ಬೆಟ್ಟಗಳಿವೆ, ಚಳಿಗಾಲ ಮುಗಿಯುವುದರೊಳಗೆ ಒಂದು ಶುಕ್ರವಾರ ಹೋಗಿಬರೋಣ ಎಂದಾಗ ನಾನು ನಕ್ಕೆ. ನನ್ನ ಹೆಂಡತಿ ವನಜ ನಗಲಿಲ್ಲ, ಪುಳಿಯೋಗರೆ ಕಲಸಿದಳು.

ಶೆಟ್ಟರ ಜೀಪು ಡಾಂಬರು ಬಿಟ್ಟು ಮರಳಿಗಿಳಿದು ಬಹಳ ಹೊತ್ತು ಕುಲುಕಾಡಿದ ಮೇಲೆ ಕಂಡದ್ದು, ತಲೆ ಕತ್ತರಿಸಿ ಮೇಜಿನಂತೆ ಸಪಾಟು ಮಾಡಿದ ಒಂದು ಬಿಳಿ ಗುಡ್ಡ. ದಾರಿಯುದ್ದಕ್ಕೂ ಚಾಮುಂಡಿಯ ಮೆಟ್ಟಿಲುಗಳ ಬಗ್ಗೆ ಉಪನ್ಯಾಸ ಕೊಡುತ್ತಿದ್ದ ನಾನು, ಇದನ್ನು ಬೆಟ್ಟ ಎಂದರೆ ಬೆಟ್ಟಕ್ಕೇ ಅವಮಾನ ಎಂದೆ.

“ಮೊದಲು ಹತ್ತಿ ನೋಡಿ ಮಾರಾಯ್ರೆ, ಮತ್ತೆ ಮಾತಾಡುವ,” ಎಂದರು ಶೆಟ್ಟರು.

ಹತ್ತಿದೆ. ಕಾಲಿಟ್ಟಲ್ಲೆಲ್ಲ ಕಲ್ಲು ಪುಡಿಯಾಗುತ್ತಿತ್ತು. ಕೊನೆಯ ಭಾಗವನ್ನು ಅಂಬೆಗಾಲಿನಲ್ಲಿ ಮುಗಿಸಿ ಎದ್ದುನಿಂತೆ. ಗಾಳಿ ಕೊರೆದು ನಿಲ್ಲಿಸಿದ ಬಿಳಿ ಬಂಡೆಗಳು, ಒಂದೊಂದೂ ಕೊಡೆ ಬಿಡಿಸಿ ನಿಂತ ಹಾಗೆ. ಅವುಗಳಾಚೆ ಒಮ್ಮೆಲೇ ಸಮುದ್ರ, ಹಸಿರೋ ನೀಲಿಯೋ ಹೇಳಲಾಗದ ಬಣ್ಣ. ಕಾಲ ಬಳಿ ಬಗ್ಗಿ ನೋಡಿದರೆ ಬಂಡೆಯೊಳಗೇ ಕಪ್ಪೆಚಿಪ್ಪುಗಳು ಹುದುಗಿದ್ದವು. ಎಂದೋ ಸಮುದ್ರದ ತಳವಾಗಿದ್ದ ನೆಲ, ಈಗ ನನ್ನನ್ನು ಹೊತ್ತು ಆಕಾಶದಲ್ಲಿ ನಿಂತಿತ್ತು. ಹಕ್ಕಿಯಿಲ್ಲ, ಎಲೆಯಿಲ್ಲ, ನನ್ನ ಉಸಿರೇ ಗಲಾಟೆ ಅನ್ನಿಸಿತು.

ಹಿಂದೆಯೇ ಹತ್ತಿಬಂದ ವನಜ ಊಟಕ್ಕೆ ಕರೆದಳು. ನಾನು ಉತ್ತರಿಸಲಿಲ್ಲ. ಹೇಗಿದೆ ಜಾಗ ಎಂದು ಕೇಳಿದಳು. ಅದಕ್ಕೂ ಇಲ್ಲ. ನಿದ್ದೆಯಲ್ಲೂ ಮಾತಾಡುವ ಗಂಡನ ಜೊತೆ ಸಂಸಾರ ಮಾಡಿದವಳು ಗಾಬರಿಯಿಂದ ಕೂಗಿದಳು.

“ಶೆಟ್ರೇ, ಇವರು ಮಾತೇ ಆಡ್ತಿಲ್ಲ.”

ಶೆಟ್ಟರು ಓಡಿಬಂದು ನಾಡಿ ಹಿಡಿದರು, ಎದೆ ನೋಯುತ್ತಿದೆಯೇ ಎಂದರು. ಇಲ್ಲವೆಂದು ತಲೆಯಾಡಿಸಿದೆ. ಬಾಯಿ ಬಿಟ್ಟರೆ ಆ ನಿಶ್ಶಬ್ದ ಒಡೆದುಹೋದೀತೆಂಬ ಭಯ ನನಗೆ. ಅವರಿಗೋ ಬೇರೆಯೇ ಭಯ. “ಖಲಾಸ್, ಸಾಕು, ಇಳಿಯುವ,” ಎಂದು ನನ್ನ ತೋಳು ಹಿಡಿದರು.

ನನಗೇನೂ ಆಗಿಲ್ಲ ಎನ್ನಲು ಆಗ ನಿಜವಾಗಿ ಬಾಯಿ ತೆರೆದೆ. ಅದೇ ಗಳಿಗೆಗೆ ಇಳಿಯುವ ದಾರಿ ಕಣ್ಣಿಗೆ ಬಿತ್ತು. ಹತ್ತುವಾಗ ಬೆನ್ನಹಿಂದಿದ್ದ ಆಳವೆಲ್ಲ ಈಗ ಎದುರಿಗಿತ್ತು. ತೆರೆದ ಬಾಯನ್ನು ಮೆಲ್ಲಗೆ ಮುಚ್ಚಿಕೊಂಡೆ. ಒಂದು ಕಡೆ ಶೆಟ್ಟರು, ಇನ್ನೊಂದು ಕಡೆ ವನಜ, ಮದುಮಗಳನ್ನು ಕರೆತರುವಂತೆ ನನ್ನನ್ನು ಇಳಿಸಿದರು. ಉದ್ದಕ್ಕೂ ನಾನು ಕಣ್ಣು ಮುಚ್ಚಿಕೊಂಡದ್ದನ್ನೂ, ಪಾಪ, ನಿಶ್ಶಕ್ತಿಯೆಂದೇ ತಿಳಿದರು.